ಎಳೆಯ ಬೌಲರೂ ಹಿರಿಯರ ಹೊಣೆಯೂ

ಕ್ರಿಕೆಟ್ಟಿನಂತಹ ಆಟದ ವಿಷಯಕ್ಕೆ ಪತ್ರಿಕೆಯ ಅಗ್ರಲೇಖನದ ಸ್ಥಳವನ್ನು ಬಿಟ್ಟುಕೊಡುವುದು ಉಚಿತವೇ ಎಂದು ಕೇಳುವ ಮಹನೀಯರು ನಮ್ಮ ವಾಚಕರಲ್ಲಿ ಕೆಲವರಿರಬಹುದು. ಅವರಿಗೆ ನಮ್ಮ ಉತ್ತರವಿಷ್ಟೆ: ಯಾವುದರಲ್ಲಿ ಸಹಸ್ರಾರು ಗೃಹಸ್ಥರ ಬೆವರಿನ ದುಡ್ಡೂ ಅವರ ಮಕ್ಕಳ ಬೆನ್ನೆಲುಬೂ ಪಣವಾಗಿರುವುವೋ, ಅದು ಆಟವೆಂಬ ಒಂದೇ ಕಾರಣದಿಂದ ಅಲ್ಪವಿಷಯವಾಗಲಾರದು. ನಮ್ಮ ಎಳೆಯ ವೇಗದ ಬೌಲರುಗಳ ಯೋಗಕ್ಷೇಮವನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಬರೆಯುವುದು ಕರ್ತವ್ಯವೆಂದೇ ನಾವು ತಿಳಿದಿದ್ದೇವೆ.

ನಗರದ ಉತ್ತರ ಭಾಗವನ್ನೇ ತೆಗೆದುಕೊಳ್ಳಿರಿ. ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತಿರುವ ಆರ್.ಟಿ. ನಗರದಲ್ಲಿ, ಹಾಲಿನವನು ಮನೆಮನೆಗೆ ಬರುವ ಹೊತ್ತಿಗೇ, ಹೆಗಲಿಗೆ ಕಿಟ್ಟಿನ ಚೀಲವನ್ನೇರಿಸಿಕೊಂಡ ಹುಡುಗರು ಎಚ್.ಎಂ.ಟಿ. ಮೈದಾನದ ಕಡೆಗೆ ನಡೆಯುವುದನ್ನು ಕಾಣಬಹುದು. ಹೆಬ್ಬಾಳ, ಸಂಜಯನಗರ, ಮತ್ತಿಕೆರೆ, ಯಲಹಂಕಗಳಲ್ಲಿಯೂ ಇದೇ ನೋಟ. ಈ ಹುಡುಗರ ತಂದೆಗಳಲ್ಲಿ ಗುಮಾಸ್ತೆಯುಂಟು, ಆಟೋ ನಡೆಸುವವನುಂಟು, ಕಿರಾಣಿ ಅಂಗಡಿಯವನುಂಟು. ತಿಂಗಳ ವರಮಾನದಲ್ಲಿ ಅಕಾಡೆಮಿಯ ಫೀಜನ್ನು ಮೊದಲು ತೆಗೆದಿರಿಸಿ, ಮಿಕ್ಕುದರಲ್ಲಿ ಸಂಸಾರವನ್ನು ತೂಗಿಸುವ ತಾಯಂದಿರೂ ಉಂಟು. ಈ ಮಕ್ಕಳ ಪೈಕಿ ಬ್ಯಾಟು ಹಿಡಿಯುವವನು ತಪ್ಪಿದರೆ ಒಂದು ಇನ್ನಿಂಗ್ಸು ಹೋದೀತು. ವೇಗದ ಬೌಲರನ ವಿಷಯದಲ್ಲಿ ಹಿರಿಯರು ತಪ್ಪಿದರೆ ಅವನ ದೇಹವೇ ಹೋದೀತು. ಆದಕಾರಣ ನಾವು ವಿಶೇಷವಾಗಿ ಅವನ ಪರವಾಗಿ ಮಾತನಾಡುತ್ತಿದ್ದೇವೆ.

ಹದಿನಾಲ್ಕರಿಂದ ಹತ್ತೊಂಬತ್ತು ವರ್ಷಗಳ ನಡುವೆ ವೇಗದ ಬೌಲರನಿಗೆ ಪ್ರಾಯಶಃ ಒಂದು ಕಷ್ಟಕಾಲವು ಬಂದೇ ಬರುವುದು. ನಿನ್ನೆಯವರೆಗೆ ಹೇಳಿದ ಜಾಗದಲ್ಲಿ ಬೀಳುತ್ತಿದ್ದ ಚೆಂಡು ಇಂದು ವೈಡಾಗುವುದು, ಕಾಲು ಗೆರೆಯನ್ನು ದಾಟಿ ನೋಬಾಲಾಗುವುದು, ವೇಗವು ಕುಗ್ಗುವುದು, ಎಲ್ಲಕ್ಕಿಂತ ಮಿಗಿಲಾಗಿ ಮುಖದ ಕಳೆಯು ಇಳಿಯುವುದು. ಆಗ ಹಿರಿಯರು ಮಾಡುವುದೇನು? ಮೂರರಲ್ಲಿ ಒಂದು. ಕೆಲವರು ಅವನನ್ನು ತಂಡದಿಂದ ತೆಗೆದುಹಾಕಿ, ಕಾರಣವನ್ನು ಕೂಡ ತಿಳಿಸದೆ ಸುಮ್ಮನಾಗುವರು. ಕೆಲವರು ಅವನ ಓಟವನ್ನೂ ಕೈಯ ತಿರುವನ್ನೂ ಒಂದೇ ವಾರದಲ್ಲಿ ತಿದ್ದಲು ಹೊರಡುವರು. ಒಬ್ಬರು ತಿದ್ದಿದುದನ್ನು ಮತ್ತೊಬ್ಬರು ಅಳಿಸುವರು. ಇನ್ನು ಕೆಲವರು, ಅಭ್ಯಾಸವು ಸಾಲದೆಂಬ ನಿರ್ಣಯಕ್ಕೆ ಬಂದು, ಬಳಲಿದವನ ಕೈಗೆ ಮತ್ತಷ್ಟು ಚೆಂಡುಗಳನ್ನು ಕೊಡುವರು. ಈ ಮೂರೂ ಉಪಾಯಗಳಲ್ಲಿ ಇಲ್ಲದ ಒಂದು ಪ್ರಶ್ನೆಯುಂಟು. ಈ ಹುಡುಗನಿಗೆ ಉತ್ತರವಾದಿ ಯಾರು ಎಂಬುದೇ ಆ ಪ್ರಶ್ನೆ. ಅದಕ್ಕೆ ಒಬ್ಬರ ಹೆಸರನ್ನು ಹಿಡಿದು ಉತ್ತರ ಹೇಳಲು ಸಾಧ್ಯವಾಗುವವರೆಗೆ ನಮ್ಮ ನಾಡಿನ ಬೌಲಿಂಗು ದೈವದ ಕೃಪೆಯಿಂದ ನಡೆಯುವುದೇ ಹೊರತು ಮನುಷ್ಯಪ್ರಯತ್ನದಿಂದಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ವೇಗದ ಬೌಲಿಂಗು ಎಂತಹ ದುಡಿಮೆಯೆಂಬುದನ್ನು ಗ್ಯಾಲರಿಯಲ್ಲಿ ಕುಳಿತವರು ಅರಿಯುವುದು ಕಷ್ಟ. ಓಡಿಬಂದ ಬೌಲರನ ಮುಂಗಾಲು ನೆಲವನ್ನು ತುಳಿಯುವ ಕ್ಷಣದಲ್ಲಿ ಅವನ ದೇಹದ ತೂಕದ ಐದಾರು ಪಟ್ಟು ಬಲವು ಆ ಕಾಲಿನ ಮೇಲೆ ಎರಗುವುದೆಂದು ಶಾಸ್ತ್ರಜ್ಞರು ಅಳೆದಿದ್ದಾರೆ. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುವುದು. ಬಲಗೈ ಬೌಲರನಲ್ಲಿ ಸೊಂಟದ ಭಾಗದ ಕೊನೆಯ ಎರಡು ಮೂಳೆಗಳ ಎಡಪಕ್ಕಕ್ಕೇ ಸಾಮಾನ್ಯವಾಗಿ ಈ ಪೆಟ್ಟು ತಗಲುವುದು. ಮೂಳೆಯು ಒಂದು ಚೆಂಡಿಗೆ ಮುರಿಯುವುದಲ್ಲ. ತಂತಿಯನ್ನು ಮೇಲಿಂದ ಮೇಲೆ ಬಗ್ಗಿಸಿದರೆ ಅದು ಹೇಗೆ ಒಳಗಿಂದೊಳಗೆ ಸವೆಯುವುದೋ, ಹಾಗೆ ಕೂದಲೆಳೆಯಷ್ಟು ಬಿರುಕು ಮೊದಲು ಕಾಣಿಸಿಕೊಳ್ಳುವುದು. ವೈದ್ಯರು ಸ್ಟ್ರೆಸ್ ಫ್ರಾಕ್ಚರ್ ಎಂದು ಕರೆಯುವುದು ಇದನ್ನೇ. ಬೆನ್ನಿನ ಈ ಭಾಗದ ಮೂಳೆಯು ಇಪ್ಪತ್ತು ವರ್ಷ ಕಳೆದ ಮೇಲೆಯೂ ಬಲಿಯುತ್ತಲೇ ಇರುವುದಾದುದರಿಂದ, ಹದಿನೈದರ ಹುಡುಗನಿಗೆ ಮೀಸೆ ಮೂಡಿದ ಮಾತ್ರಕ್ಕೆ ಬೆನ್ನೂ ಬಲಿತಿದೆಯೆಂದು ಭಾವಿಸುವುದು ಅಜ್ಞಾನ.

ಇದಲ್ಲದೆ, ಹುಡುಗನು ತಡವರಿಸುವುದಕ್ಕೆ ಕಾರಣವು ಎಲ್ಲರಲ್ಲಿಯೂ ಒಂದೇ ಅಲ್ಲ. ಒಬ್ಬನು ಒಂದು ವರ್ಷದಲ್ಲಿ ಮೂರು ನಾಲ್ಕು ಅಂಗುಲ ಎತ್ತರ ಬೆಳೆದಿರುವನು. ಕೈಕಾಲುಗಳ ಉದ್ದವೇ ಬದಲಾದುದರಿಂದ ಹಳೆಯ ಹದವು ತಪ್ಪಿರುವುದು. ಅವನಿಗೆ ಬೇಕಾದುದು ಕಡಿಮೆ ಚೆಂಡು ಮತ್ತು ಹೆಚ್ಚು ಕಾಲ. ದೊರೆಯುವುದು ಸೋಮಾರಿಯೆಂಬ ಬಿರುದು. ಇನ್ನೊಬ್ಬನ ಕ್ರಮದಲ್ಲಿಯೇ ದೋಷವುಂಟು: ಸೊಂಟವು ಒಂದು ಕಡೆಗೂ ಹೆಗಲು ಮತ್ತೊಂದು ಕಡೆಗೂ ತಿರುಗಿ, ನಡುವೆ ಸಿಕ್ಕಿದ ಬೆನ್ನು ಹಿಂಡಿಹೋಗುವುದು. ಅವನನ್ನು ತಿದ್ದಲೇಬೇಕು, ಆದರೆ ಪಂದ್ಯಗಳ ನಡುವೆಯಲ್ಲ. ಮೂರನೆಯವನ ದೇಹವೂ ಕ್ರಮವೂ ನೆಟ್ಟಗಿದ್ದು, ಮನಸ್ಸು ಕುಸಿದಿರುವುದು. ತಂದೆಯ ಸಾಲವೂ ಆಯ್ಕೆದಾರರ ನೋಟವೂ ಅವನ ಓಟದಲ್ಲಿ ಜೊತೆಗೆ ಓಡುತ್ತಿರುವುವು. ಮೂವರಿಗೂ ಒಂದೇ ಕಷಾಯವನ್ನು ಕುಡಿಸುವ ವೈದ್ಯನನ್ನು ನಾವು ನಂಬುವೆವೇ? ಬೌಲಿಂಗಿನಲ್ಲಿ ಮಾತ್ರ ಏಕೆ ನಂಬುತ್ತೇವೆ?

ಈಗ ಒಂದು ಸಣ್ಣ ಲೆಕ್ಕ. ಹದಿನೈದು ವರ್ಷದ ಒಬ್ಬ ಬೌಲರನನ್ನು ಊಹಿಸಿಕೊಳ್ಳಿರಿ. ವಾರದಲ್ಲಿ ನಾಲ್ಕು ಸಂಜೆ ಅವನು ಅಕಾಡೆಮಿಯ ನೆಟ್ಟಿನಲ್ಲಿ ಆರಾರು ಓವರುಗಳಷ್ಟು, ಎಂದರೆ ದಿನಕ್ಕೆ 36 ಚೆಂಡು ಎಸೆಯುವನು: ಒಟ್ಟು 144. ಶನಿವಾರ ಶಾಲೆಯ ಪಂದ್ಯದಲ್ಲಿ 10 ಓವರು: 60. ಭಾನುವಾರ ಕ್ಲಬ್ಬಿನ ಲೀಗ್ ಪಂದ್ಯದಲ್ಲಿ 12 ಓವರು: 72. ವೈಡು ನೋಬಾಲುಗಳನ್ನು ಬಿಟ್ಟರೂ ವಾರಕ್ಕೆ 276 ಚೆಂಡುಗಳಾದುವು. ಇಂಗ್ಲೆಂಡಿನ ಕ್ರಿಕೆಟ್ ಮಂಡಲಿಯವರು ಬಹುಕಾಲದಿಂದ ಪ್ರಕಟಿಸುತ್ತ ಬಂದಿರುವ ನಿಯಮದಂತೆ, ಹದಿನಾಲ್ಕು ಹದಿನೈದರ ವಯಸ್ಸಿನ ವೇಗದ ಬೌಲರನಿಗೆ ಒಂದು ಸರದಿಗೆ 6 ಓವರು, ದಿನಕ್ಕೆ 12 ಓವರು ಮಿತಿ. ಜೊತೆಗೆ ಏಳು ದಿನಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ದಿನ ಎಸೆಯಬಾರದು, ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ಎಸೆಯಬಾರದು ಎಂದೂ ಅವರ ಸಲಹೆ. ನಮ್ಮ ಹುಡುಗನು ಯಾವ ಒಂದು ದಿನವೂ 12 ಓವರುಗಳನ್ನು ಮೀರಲಿಲ್ಲ. ಆದರೂ ವಾರದಲ್ಲಿ ಆರು ದಿನ ಎಸೆದನು. ಶಾಲೆಯವರು ತಪ್ಪಿತಸ್ಥರಲ್ಲ, ಅಕಾಡೆಮಿಯವರು ತಪ್ಪಿತಸ್ಥರಲ್ಲ, ಕ್ಲಬ್ಬಿನವರೂ ಅಲ್ಲ. ಬಿರುಕು ಬಿಟ್ಟ ಬೆನ್ನು ಮಾತ್ರ ಹುಡುಗನದು. ಮೂವರು ಒಡೆಯರ ಎತ್ತಿಗೆ ಮೇವು ಹಾಕುವವರು ಯಾರೂ ಇಲ್ಲದಂತಾಯಿತು.

ಕಷ್ಟಕಾಲದಲ್ಲಿ ಕೈಬಿಡುವುದರಿಂದಲೂ ಕೈಹಿಡಿಯುವುದರಿಂದಲೂ ಏನಾಗುವುದೆಂಬುದಕ್ಕೆ ನಿದರ್ಶನಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮೈಸೂರಿನ ಶ್ರೀ ಜಾವಗಲ್ ಶ್ರೀನಾಥರು 1991ನೆಯ ಇಸವಿಯ ನವೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟನ್ನಾಡಿದರು. ಆದರೆ ಸ್ವದೇಶದ ನೆಲದಲ್ಲಿ ಟೆಸ್ಟನ್ನಾಡಲು 1994ರ ನವೆಂಬರಿನವರೆಗೆ, ಮೂರು ವರ್ಷಗಳ ಕಾಲ, ಕಾಯಬೇಕಾಯಿತು. ಇಲ್ಲಿಯ ಪಿಚ್ಚುಗಳು ಸ್ಪಿನ್ನರುಗಳಿಗೆಂದು ಸಿದ್ಧವಾಗುತ್ತಿದ್ದ ಕಾಲವದು. ಯೌವನದ ಅತ್ಯಂತ ವೇಗದ ದಿನಗಳು ಹೀಗೆ ಪೆವಿಲಿಯನ್ನಿನಲ್ಲಿ ಕಳೆದುವು. 1997ರಲ್ಲಿ ಅವರ ಹೆಗಲು ಕೈಕೊಟ್ಟು ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿಗೆ ಅವರ ಆಟವು ಮುಗಿಯಿತೆಂದವರು ಉಂಟು. ಅದಾದ ಎರಡು ವರ್ಷಗಳೊಳಗೆ, 1999ರ ಫೆಬ್ರವರಿಯಲ್ಲಿ, ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟಿನಲ್ಲಿ 13 ವಿಕೆಟ್ಟುಗಳನ್ನು ಅವರು ಕಿತ್ತರು. ಒಟ್ಟು 67 ಟೆಸ್ಟುಗಳಲ್ಲಿ 236 ವಿಕೆಟ್ಟುಗಳು ಅವರ ಗಳಿಕೆ. ಕಳೆದುಹೋದ ಮೂರು ವರ್ಷಗಳ ಬೆಲೆಯೇನೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಶ್ರೀ ಅಭಿಮನ್ಯು ಮಿಥುನರ ವೃತ್ತಾಂತವು ಇನ್ನೊಂದು ಬಗೆಯದು. ಡಿಸ್ಕಸ್ ಎಸೆಯುತ್ತಿದ್ದ ಈ ತರುಣರು ತಡವಾಗಿ ಕ್ರಿಕೆಟ್ಟಿಗೆ ಬಂದು, 2009ರಲ್ಲಿ ಉತ್ತರ ಪ್ರದೇಶದ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ ಹ್ಯಾಟ್ರಿಕ್ ಸಾಧಿಸಿ, ಆ ಒಂದು ಋತುವಿನಲ್ಲಿ 47 ವಿಕೆಟ್ಟುಗಳನ್ನು ಗಳಿಸಿದರು. ಒಂದು ವರ್ಷ ತುಂಬುವ ಮುನ್ನವೇ, 2010ರ ಜುಲೈನಲ್ಲಿ, ಗಾಲೆಯಲ್ಲಿ ಭಾರತದ ಪರವಾಗಿ ಟೆಸ್ಟ್ ಆಡಿದರು. ಏರಿಸಿದ ವೇಗದಲ್ಲಿಯೇ ಅವರನ್ನು ಇಳಿಸಲಾಯಿತು: ನಾಲ್ಕು ಟೆಸ್ಟುಗಳು, 9 ವಿಕೆಟ್ಟುಗಳು, ಅಷ್ಟೆ. ಆದರೆ ಕರ್ನಾಟಕವು ಅವರನ್ನು ಬಿಡಲಿಲ್ಲ. 2013-14 ಮತ್ತು 2014-15ರಲ್ಲಿ ಸತತವಾಗಿ ಎರಡು ಸಲ ರಣಜಿ ಟ್ರೋಫಿಯನ್ನು ಗೆದ್ದ ನಮ್ಮ ತಂಡದಲ್ಲಿ ದಾವಣಗೆರೆಯ ಶ್ರೀ ವಿನಯ್ ಕುಮಾರರ ಜೊತೆಯಲ್ಲಿ ಅವರೂ ದುಡಿದರು. 2019ರ ಅಕ್ಟೋಬರಿನಲ್ಲಿ, ತಮ್ಮ ಮೂವತ್ತನೆಯ ಹುಟ್ಟುಹಬ್ಬದ ದಿನವೇ, ವಿಜಯ ಹಜಾರೆ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಹ್ಯಾಟ್ರಿಕ್ ಪಡೆದರು. ಮರುತಿಂಗಳು ಮುಷ್ತಾಕ್ ಅಲಿ ಟ್ರೋಫಿಯ ಪಂದ್ಯದಲ್ಲಿ ಒಂದೇ ಓವರಿನಲ್ಲಿ ಐದು ವಿಕೆಟ್ಟುಗಳನ್ನು ಕಿತ್ತರು. ದೇಶವು ಮರೆತವರನ್ನು ನಾಡು ನೆನಪಿಟ್ಟುಕೊಂಡರೆ ಏನು ಫಲವುಂಟೆಂಬುದಕ್ಕೆ ಇದು ಸಾಕ್ಷಿ.

ಮೂರನೆಯ ನಿದರ್ಶನವು ಇತ್ತೀಚಿನದು. ಬೆಂಗಳೂರಿನ ಶ್ರೀ ಪ್ರಸಿದ್ಧ ಕೃಷ್ಣರು 2015ರಲ್ಲಿ ಬಾಂಗ್ಲಾದೇಶ 'ಎ' ತಂಡದ ವಿರುದ್ಧ ಮೈಸೂರಿನಲ್ಲಿ ಕರ್ನಾಟಕದ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿಯೇ ಐದು ವಿಕೆಟ್ಟುಗಳನ್ನು ಪಡೆದವರು. 2021ರ ಮಾರ್ಚಿನಲ್ಲಿ ಪುಣೆಯಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಏಕದಿನ ಪಂದ್ಯವನ್ನಾಡಿದಾಗ ಅವರ ಮೊದಲ ಮೂರು ಓವರುಗಳಲ್ಲಿ 37 ರನ್ನುಗಳು ಹರಿದುವು. ಅಲ್ಲಿಗೆ ಅವರ ಕೈಯಿಂದ ಚೆಂಡನ್ನು ಕಿತ್ತುಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ನಾಯಕರು ಅವರಿಗೆ ಚೆಂಡನ್ನು ಮರಳಿ ಕೊಟ್ಟರು. ಅವರು 54 ರನ್ನಿಗೆ ನಾಲ್ಕು ವಿಕೆಟ್ಟು ಪಡೆದರು. ಏಕದಿನದ ಮೊದಲ ಪಂದ್ಯದಲ್ಲಿ ನಾಲ್ಕು ವಿಕೆಟ್ಟು ಪಡೆದ ಭಾರತೀಯ ಪುರುಷರಲ್ಲಿ ಅವರೇ ಮೊದಲಿಗರು. 2022ರಲ್ಲಿ ಬೆನ್ನಿನ ಮೂಳೆಯಲ್ಲಿ ಬಿರುಕು ಕಂಡಿತು; ಸುಮಾರು ಒಂದು ವರ್ಷ ಆಟದಿಂದ ದೂರವಿದ್ದು 2023ರ ಆಗಸ್ಟಿನಲ್ಲಿ ಹಿಂದಿರುಗಿದರು. ಅದೇ ಡಿಸೆಂಬರಿನಲ್ಲಿ ಸೆಂಚೂರಿಯನ್ನಿನ ಮೊದಲ ಟೆಸ್ಟಿನಲ್ಲಿ 93 ರನ್ನು ಕೊಟ್ಟು ಪಡೆದುದು ಒಂದೇ ವಿಕೆಟ್ಟು. 2024ರಲ್ಲಿ ತೊಡೆಯ ಸ್ನಾಯುರಜ್ಜುವಿಗೆ ಪೆಟ್ಟಾಗಿ ಮತ್ತೆ ಶಸ್ತ್ರಚಿಕಿತ್ಸೆ. 2025ರ ಐ.ಪಿ.ಎಲ್. ಋತುವಿನಲ್ಲಿ 25 ವಿಕೆಟ್ಟುಗಳೊಡನೆ ಎಲ್ಲರಿಗಿಂತ ಮುಂದೆ ನಿಂತು ಇಂಗ್ಲೆಂಡಿಗೆ ಹೋದರೆ, ಎಜ್‌ಬಾಸ್ಟನ್ನಿನಲ್ಲಿ ಒಂದೇ ಓವರಿನಲ್ಲಿ 23 ರನ್ನುಗಳನ್ನು ಕೊಟ್ಟರು. ಮುಂದಿನ ಎರಡು ಟೆಸ್ಟುಗಳಿಗೆ ಅವರನ್ನು ಕೈಬಿಡಲಾಯಿತು. ಕೊನೆಯ ಟೆಸ್ಟಿಗೆ, ಓವಲ್ ಮೈದಾನದಲ್ಲಿ, ಮತ್ತೆ ಕರೆಯಲಾಯಿತು. ಎರಡು ಇನ್ನಿಂಗ್ಸುಗಳಲ್ಲಿಯೂ ನಾಲ್ಕು ನಾಲ್ಕು ವಿಕೆಟ್ಟುಗಳನ್ನು ಅವರು ಪಡೆದರು. ಭಾರತವು ಆರು ರನ್ನುಗಳಿಂದ ಗೆದ್ದು ಸರಣಿಯನ್ನು ಸಮಮಾಡಿಕೊಂಡಿತು. ಆಗ ಅವರ ವಯಸ್ಸು 29. ಹತ್ತೊಂಬತ್ತರಲ್ಲಿ ಕಂಡ ಪ್ರತಿಭೆಯು ಟೆಸ್ಟ್ ಫಲವನ್ನು ಕೊಡಲು ಹತ್ತು ವರ್ಷ ಹಿಡಿಯಿತೆಂಬುದನ್ನು, ಹತ್ತು ಪಂದ್ಯಗಳಲ್ಲಿ ಹುಡುಗನ ಜಾತಕವನ್ನು ಬರೆಯುವ ಆಯ್ಕೆದಾರರು ಗಮನಿಸತಕ್ಕದ್ದು.

ಇದೇ ಕಥೆಗೆ ಇನ್ನೊಂದು ಮಗ್ಗುಲುಂಟು. 2018ರಲ್ಲಿ ಪ್ರಸಿದ್ಧ ಕೃಷ್ಣರಿಗೆ ಕಲ್ಕತ್ತೆಯ ಐ.ಪಿ.ಎಲ್. ತಂಡದ ಬಾಗಿಲು ತೆರೆದುದು ರಾಜಸ್ಥಾನದ ಕಮಲೇಶ್ ನಾಗರಕೋಟಿಯವರು ಗಾಯಗೊಂಡ ಕಾರಣದಿಂದ. ಅದೇ ವರ್ಷದ ಆರಂಭದಲ್ಲಿ ಕಿರಿಯರ ವಿಶ್ವಕಪ್ಪಿನಲ್ಲಿ ಗಂಟೆಗೆ 149 ಕಿಲೋಮೀಟರು ವೇಗವನ್ನು ಮುಟ್ಟಿ ದೇಶವನ್ನೇ ಬೆರಗುಗೊಳಿಸಿದ್ದ ತರುಣರು ಅವರು. ಗಾಯಗಳ ಮೇಲೆ ಗಾಯಗಳಾಗಿ, 2018 ಮತ್ತು 2019ರ ಎರಡು ಋತುಗಳೂ ಕಳೆದು, 2020ರಲ್ಲಷ್ಟೇ ಅವರು ಆ ತಂಡಕ್ಕೆ ಮೊದಲ ಪಂದ್ಯವನ್ನಾಡಿದರು. ಒಬ್ಬ ತರುಣನ ಬೆನ್ನು ಮುರಿದರೆ ಇನ್ನೊಬ್ಬ ತರುಣನಿಗೆ ಸ್ಥಳವಾಗುವ ಏರ್ಪಾಡನ್ನು ವ್ಯವಸ್ಥೆಯೆಂದು ಕರೆಯಲು ನಮಗೆ ಮನಸ್ಸಾಗುವುದಿಲ್ಲ.

ಈ ವಿಷಯದಲ್ಲಿ ಅಮೆರಿಕದವರ ಬೇಸ್‌ಬಾಲ್ ಆಟದಿಂದ ನಾವು ಕಲಿಯಬಹುದಾದುದು ಬಹಳವುಂಟು. ನಮ್ಮ ಬೌಲರನ ಸ್ಥಾನದಲ್ಲಿ ಅಲ್ಲಿ ಪಿಚ್ಚರನು ನಿಂತು, ನೆಲಕ್ಕೆ ಪುಟಿಸದೆ ನೇರವಾಗಿ ಚೆಂಡನ್ನೆಸೆಯುವನು. ನಮ್ಮವನ ಬೆನ್ನಿಗೆ ತಗಲುವ ಪೆಟ್ಟು ಅವನ ಮೊಣಕೈಗೂ ಹೆಗಲಿಗೂ ತಗಲುವುದು. ಅಲ್ಲಿಯ ಮಕ್ಕಳ ಲೀಗಿನವರು 2007ರಿಂದಲೇ ಪ್ರತಿ ಹುಡುಗನೂ ದಿನಕ್ಕೆ ಎಸೆಯಬಹುದಾದ ಚೆಂಡುಗಳನ್ನು ಎಣಿಸಿ ಮಿತಿಗೊಳಿಸಿದರು. ಅದಕ್ಕಿಂತಲೂ ನಮ್ಮ ಮನಸ್ಸನ್ನು ಸೆಳೆದುದು ರಾಯ್ ಹ್ಯಾಲಡೆ ಎಂಬವರ ಚರಿತ್ರೆ. ಟೊರಾಂಟೊ ತಂಡದ ಈ ತರುಣ ಪಿಚ್ಚರರು 2000ನೆಯ ಇಸವಿಯಲ್ಲಿ ಎಷ್ಟು ಕೆಟ್ಟು ಆಡಿದರೆಂದರೆ, ಒಂಬತ್ತು ಇನ್ನಿಂಗ್ಸುಗಳಿಗೆ ಅವರು ಬಿಟ್ಟುಕೊಟ್ಟ ರನ್ನುಗಳ ಸರಾಸರಿಯು 10.64 ಆಯಿತು, ಆ ಆಟದಲ್ಲಿ ನಾಲ್ಕು ರನ್ನೇ ಸಾಮಾನ್ಯವೆಂದು ತಿಳಿದರೆ ಇದರ ಘೋರತೆಯು ಗೊತ್ತಾಗುವುದು. 2001ರಲ್ಲಿ ಅವರನ್ನು ಅತ್ಯಂತ ಕೆಳಗಿನ ತಂಡಗಳಲ್ಲೊಂದಕ್ಕೆ ಇಳಿಸಲಾಯಿತು. ಆದರೆ ಒಬ್ಬಂಟಿಯಾಗಿ ಅಲ್ಲ. ಮೆಲ್ ಕ್ವೀನ್ ಎಂಬ ಅನುಭವಿ ಗುರುಗಳ ಕೈಗೆ ಅವರನ್ನು ಒಪ್ಪಿಸಲಾಯಿತು. ನೆತ್ತಿಯ ಮೇಲಿಂದ ಬರುತ್ತಿದ್ದ ಕೈಯನ್ನು ಗುರುಗಳು ಓರೆಗೆ ಇಳಿಸಿ, ಎಸೆತವನ್ನು ಮೊದಲಿನಿಂದ ಕಟ್ಟಿದರು. ಕೆಲವು ತಿಂಗಳುಗಳಲ್ಲಿ ಮೇಲಕ್ಕೆ ಮರಳಿದ ಅವರು 2003ರಲ್ಲಿಯೂ 2010ರಲ್ಲಿಯೂ ತಮ್ಮ ಲೀಗಿನ ಶ್ರೇಷ್ಠ ಪಿಚ್ಚರರೆಂಬ ಸೈ ಯಂಗ್ ಪ್ರಶಸ್ತಿಯನ್ನು ಪಡೆದರು. 2017ರಲ್ಲಿ ತೀರಿಕೊಂಡ ಅವರ ಹೆಸರು 2019ರಲ್ಲಿ ಆ ಆಟದ ಕೀರ್ತಿಮಂದಿರವನ್ನು ಸೇರಿತು. ಇದರಿಂದ ತಿಳಿಯತಕ್ಕದ್ದೇನು? ಕ್ರಮವನ್ನು ತಿದ್ದುವುದು ತಪ್ಪಲ್ಲ. ಆತುರದಿಂದ, ಹತ್ತು ಕೈಗಳಿಂದ ತಿದ್ದುವುದು ತಪ್ಪು. ಕೆಳಕ್ಕೆ ಕಳುಹಿಸುವುದು ಅನ್ಯಾಯವಲ್ಲ. ಗುರುವಿಲ್ಲದೆ, ಗಡುವಿಲ್ಲದೆ, ಮರಳುವ ದಾರಿಯಿಲ್ಲದೆ ಕಳುಹಿಸುವುದು ಅನ್ಯಾಯ.

ಇದು ಪರದೇಶದ ಹೊಸ ವಿದ್ಯೆಯೇನೂ ಅಲ್ಲ. ನಮ್ಮ ಗರಡಿಮನೆಗಳಲ್ಲಿ ಉಸ್ತಾದರಾದವರು ಹುಡುಗನಿಗೆ ಮಟ್ಟಿಯಲ್ಲಿ ದಂಡ ಬಸ್ಕಿಗಳನ್ನು ತೆಗೆಯಿಸಿ, ಮೈಯು ಹದಕ್ಕೆ ಬಂದಿತೆಂದು ತಮ್ಮ ಕೈಯಿಂದಲೇ ತಟ್ಟಿ ನೋಡಿದ ಮೇಲಲ್ಲದೆ ಅಖಾಡಕ್ಕೆ ಇಳಿಸುತ್ತಿರಲಿಲ್ಲ. ಪಾಠಶಾಲೆಯಲ್ಲಿ ಸ್ವರ ತಪ್ಪಿದ ವಿದ್ಯಾರ್ಥಿಯನ್ನು ಹೊರಕ್ಕೆ ಕಳುಹಿಸುವ ಪದ್ಧತಿಯಿರಲಿಲ್ಲ. ಸಂಹಿತೆಯನ್ನು ನಿಲ್ಲಿಸಿ, ಪದಪದವಾಗಿ ಬಿಡಿಸಿ, ನಿಧಾನವಾಗಿ ಮತ್ತೆ ಹೇಳಿಸುತ್ತಿದ್ದರು. ಹಾಲುಹಲ್ಲಿನ ಹೋರಿಯನ್ನು ಭಾರದ ಗಾಡಿಗೆ ಹೂಡುವ ರೈತನನ್ನು ಕಂಡರೆ ಊರೇ ನಗುವುದು. ಹೋರಿಯ ವಿಷಯದಲ್ಲಿ ನಮಗಿರುವ ವಿವೇಕವು ಮಗುವಿನ ವಿಷಯದಲ್ಲಿಯೂ ಇರಬೇಡವೇ?

ನಮ್ಮ ಈ ಮಾತಿಗೆ ಆಕ್ಷೇಪಗಳುಂಟೆಂಬುದನ್ನು ನಾವು ಬಲ್ಲೆವು. ಮೊದಲನೆಯದಾಗಿ, ಹಿಂದಿನ ಕಾಲದಲ್ಲಿ ಚೆಂಡುಗಳನ್ನು ಎಣಿಸಿದವರು ಯಾರು, ಶ್ರೀ ಕಪಿಲ್ ದೇವರು 131 ಟೆಸ್ಟುಗಳನ್ನಾಡಿ 434 ವಿಕೆಟ್ಟುಗಳನ್ನು ಪಡೆದರೂ ಗಾಯದಿಂದ ಒಂದು ಟೆಸ್ಟನ್ನೂ ತಪ್ಪಿಸಿಕೊಳ್ಳಲಿಲ್ಲವಲ್ಲ ಎಂದು ಕೇಳುವವರುಂಟು. ನಿಜ. ಆದರೆ ಗೆದ್ದು ಬಂದ ಒಬ್ಬರ ಹೆಸರು ನಮಗೆ ಗೊತ್ತು. ಹದಿನೇಳರಲ್ಲಿ ಬೆನ್ನು ಹಿಡಿದುಕೊಂಡು ಮನೆಗೆ ನಡೆದವರ ಹೆಸರುಗಳನ್ನು ಯಾವ ಪತ್ರಿಕೆಯೂ ಅಚ್ಚುಹಾಕಲಿಲ್ಲ. ಆಸ್ಟ್ರೇಲಿಯದ ಡೆನ್ನಿಸ್ ಲಿಲ್ಲಿಯಂತಹ ಮಹಾಬೌಲರರ ಬೆನ್ನೇ 1973ರಲ್ಲಿ ಬಿರುಕುಬಿಟ್ಟಿತು. ಹಲವು ವಾರ ಮೈಗೆ ಪ್ಲಾಸ್ಟರು ಹಾಕಿಸಿಕೊಂಡು, ಕ್ರಮವನ್ನು ತಿದ್ದಿಕೊಂಡು ಅವರು ಮರಳಿದರು. ಅದೇ ಲಿಲ್ಲಿಯವರು 1987ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಎಂ.ಆರ್.ಎಫ್. ಪೇಸ್ ಫೌಂಡೇಷನ್ನಿಗೆ ಗುರುಗಳಾಗಿ ಬಂದು, ನಮ್ಮ ಶ್ರೀನಾಥ್ ಮತ್ತು ವೆಂಕಟೇಶ ಪ್ರಸಾದರಂತಹವರಿಗೆ ಪಾಠ ಹೇಳಿದರು. ನೊಂದವರೇ ಗುರುವಾದುದು ನಮ್ಮ ಪುಣ್ಯ.

ಎರಡನೆಯದಾಗಿ, ಎಸೆಯದಿದ್ದರೆ ಬೌಲರನಾಗುವುದು ಹೇಗೆ ಎಂಬ ಪ್ರಶ್ನೆ. ಇದರಲ್ಲಿ ಸತ್ಯಾಂಶವುಂಟು. ಎಸೆಯದೆ ಕೂತ ಬೌಲರನ ದೇಹವೂ ಸಡಿಲವಾಗುವುದು. ಎರಡು ತಿಂಗಳು ಪರೀಕ್ಷೆಗೆ ಓದಿ, ರಜೆಯ ಮೊದಲ ವಾರದಲ್ಲಿಯೇ ಶಿಬಿರದಲ್ಲಿ ನೂರಾರು ಚೆಂಡುಗಳನ್ನೆಸೆಯುವ ಹುಡುಗನಿಗೆ ಇರುವಷ್ಟು ಅಪಾಯವು ವರ್ಷವಿಡೀ ಹದವಾಗಿ ಎಸೆಯುವವನಿಗಿಲ್ಲ. ಒಮ್ಮೆಗೇ ಏರುವ ಭಾರವೇ ಶತ್ರು. ಆದುದರಿಂದಲೇ ನಾವು ಕೇಳುವುದು ನಿಷೇಧವನ್ನಲ್ಲ, ಲೆಕ್ಕವನ್ನು. ಮೂರನೆಯದಾಗಿ, ಕೋಚುಗಳ ಅನ್ನವು ಟ್ರೋಫಿಗಳ ಮೇಲೆ ನಿಂತಿದೆಯಲ್ಲ ಎನ್ನುವರು. ಇದು ಎಲ್ಲಕ್ಕಿಂತ ಪ್ರಾಮಾಣಿಕವಾದ ಆಕ್ಷೇಪ. ಹದಿನಾರರೊಳಗಿನವರ ಕಪ್ಪನ್ನು ಗೆದ್ದ ಕೋಚನ್ನು ಹೊಗಳಿ, ಹುಡುಗನನ್ನು ಇಪ್ಪತ್ತೆರಡರವರೆಗೆ ಇಡಿಯಾಗಿ ಉಳಿಸಿದ ಕೋಚನ್ನು ಮರೆಯುವವರೆಗೆ ಈ ರೋಗಕ್ಕೆ ಮದ್ದಿಲ್ಲ. ಆ ತಪ್ಪು ಕೋಚಿನದಲ್ಲ, ಅವರನ್ನು ನೇಮಿಸುವ ನಮ್ಮೆಲ್ಲರದು.

ಹಾಗಾದರೆ ಮಾಡತಕ್ಕದ್ದೇನು? ಆರ್.ಟಿ. ನಗರದ ಹುಡುಗನು ಬಳ್ಳಾರಿ ರಸ್ತೆಯನ್ನು ಹಿಡಿದು ಹೆಬ್ಬಾಳ, ಯಲಹಂಕಗಳನ್ನು ದಾಟಿ ಹೋದರೆ, ದೇವನಹಳ್ಳಿಯ ಬಳಿ 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ಕ್ರಿಕೆಟ್ ಮಂಡಲಿಯ ಸೆಂಟರ್ ಆಫ್ ಎಕ್ಸೆಲೆನ್ಸನ್ನು ಕಾಣುವನು: ಸುಮಾರು 40 ಎಕರೆ, ಮೂರು ಮೈದಾನ, 86 ಪಿಚ್ಚು. ಗಾಯಗೊಂಡ ರಾಷ್ಟ್ರೀಯ ಆಟಗಾರರಿಗೆ ಅಲ್ಲಿ ಉತ್ತಮ ಶುಶ್ರೂಷೆಯುಂಟು, ಸಂತೋಷ. ಆದರೆ ಅದರ ಬಾಗಿಲು ತೆರೆಯುವುದು ಪ್ರಸಿದ್ಧರಾದವರಿಗೆ. ಕಾಂಕ್ರೀಟಿನ ಮೇಲೆ ಮ್ಯಾಟು ಹಾಸಿ, ಗಟ್ಟಿನೆಲದ ಮೇಲೆ ಓಡಿಬರುವ ಅಪ್ರಸಿದ್ಧನಿಗೆ ಬೇಕಾದುದು ಎಕರೆಗಳಲ್ಲ, ಏರ್ಪಾಡು. ಅದಕ್ಕೆ ಹೆಚ್ಚಿನ ಹಣವೂ ಬೇಡ.

ಮೊದಲನೆಯದು ಲೆಕ್ಕದ ಪುಸ್ತಕ. ಹತ್ತೊಂಬತ್ತರೊಳಗಿನ ಪ್ರತಿಯೊಬ್ಬ ವೇಗದ ಬೌಲರನ ಕೈಯಲ್ಲಿಯೂ ಒಂದು ಸಣ್ಣ ಪುಸ್ತಕವಿರಲಿ. ಪಂದ್ಯದಲ್ಲಿ ಎಸೆದ ಓವರುಗಳನ್ನು ಸ್ಕೋರರು ಹೇಗೂ ಬರೆಯುವರು. ಅದನ್ನೇ ಪುಸ್ತಕಕ್ಕೆ ಇಳಿಸಿ ರುಜು ಹಾಕಲಿ. ನೆಟ್ಟಿನಲ್ಲಿ ಎಸೆದುದನ್ನು ಅಕಾಡೆಮಿಯ ಕೋಚು ಬರೆಯಲಿ. ಈ ಪುಸ್ತಕವಿಲ್ಲದವನನ್ನು ಲೀಗಿನಲ್ಲಾಗಲಿ ಶಾಲೆಗಳ ಟೂರ್ನಮೆಂಟಿನಲ್ಲಾಗಲಿ ಬೌಲಿಂಗಿಗೆ ಇಳಿಸಕೂಡದೆಂದು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯವರು ನಿಯಮಮಾಡಲಿ. 2010ರಲ್ಲಿ ಚುನಾಯಿತವಾದ ಆ ಸಂಸ್ಥೆಯ ಆಡಳಿತದಲ್ಲಿ ಕುಂಬ್ಳೆ, ಶ್ರೀನಾಥ್, ಪ್ರಸಾದ್ ಎಂಬ ಮೂವರು ಬೌಲರುಗಳೇ ಮುಂದಾಳುಗಳಾಗಿದ್ದರು. ಬೌಲರನ ನೋವನ್ನು ಬಲ್ಲ ಹಿರಿಯರಿಗೆ ನಮ್ಮ ನಾಡಿನಲ್ಲಿ ಎಂದೂ ಕೊರತೆಯಿಲ್ಲ.

ಎರಡನೆಯದು ಒಬ್ಬ ಗುರು. ಆ ಪುಸ್ತಕದ ಮೊದಲ ಪುಟದಲ್ಲಿ ಹುಡುಗನಿಗೆ ಹೊಣೆಯಾದ ಒಬ್ಬರ ಹೆಸರಿರಲಿ. ಕ್ರಮವನ್ನು ತಿದ್ದಬೇಕಾದರೆ ಅವರೇ ತಿದ್ದಲಿ, ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ತಿದ್ದಲಿ. ಮಿಕ್ಕವರು ತಮ್ಮ ಅಭಿಪ್ರಾಯವನ್ನು ಹುಡುಗನ ಕಿವಿಗೆ ಹೇಳದೆ ಆ ಗುರುವಿಗೆ ಹೇಳಲಿ. ಫೀಜು ಪಡೆಯುವ ಅಕಾಡೆಮಿಗಳು ವರ್ಷಕ್ಕೆರಡು ಸಲವಾದರೂ ಹುಡುಗರ ಬೆನ್ನನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಲಿ. ಸೊಂಟದಲ್ಲಿ ನೋವೆಂದು ಹುಡುಗನು ಹೇಳಿದ ದಿನವೇ ಅವನ ಬೌಲಿಂಗು ನಿಲ್ಲಲಿ. ನೋವನ್ನು ನುಂಗುವುದು ಶೌರ್ಯವೆಂಬ ಉಪದೇಶವನ್ನು ಈ ಒಂದು ವಿಷಯದಲ್ಲಿ ಬದಿಗಿಡೋಣ.

ಮೂರನೆಯದು ಮರಳುವ ದಾರಿ. ತಂಡದಿಂದ ತೆಗೆದ ಹುಡುಗನಿಗೆ ಮೂರು ವಿಷಯಗಳನ್ನು ಬರವಣಿಗೆಯಲ್ಲಿ ತಿಳಿಸತಕ್ಕದ್ದು: ತೆಗೆದುದೇಕೆ, ತಿದ್ದಿಕೊಳ್ಳಬೇಕಾದುದೇನು, ಮತ್ತೆ ನೋಡುವುದು ಯಾವ ತಾರೀಖಿಗೆ. ಒಂದು ಕಾಗದ, ನಾಲ್ಕು ಸಾಲು. ಇಷ್ಟರಿಂದ ಎಷ್ಟು ಮಕ್ಕಳ ನಿದ್ರೆಯು ಉಳಿಯುವುದೆಂಬುದನ್ನು ಆಯ್ಕೆದಾರರು ಯೋಚಿಸಿದಂತೆ ಕಾಣುವುದಿಲ್ಲ. ನಗರಾಡಳಿತದವರು ಬಡಾವಣೆಯ ಮೈದಾನಗಳಲ್ಲಿ ಬೌಲರನು ಓಡಿಬರುವ ಹಾಗೂ ಕಾಲಿಡುವ ಜಾಗಕ್ಕೆ ಮಣ್ಣು ಹಾಕಿಸಿ ಹದವಾಗಿಡುವಷ್ಟು ಕೃಪೆಮಾಡಿದರೆ, ಅದೂ ಒಂದು ವೈದ್ಯಶಾಲೆಗೆ ಸಮಾನವಾದೀತು.

ಕೊನೆಯದಾಗಿ, ತಂದೆತಾಯಂದಿರಲ್ಲಿ ಎರಡು ಮಾತು. ನಿಮ್ಮ ತ್ಯಾಗವು ದೊಡ್ಡದು. ಅದನ್ನು ಹುಡುಗನಿಗೆ ದಿನವೂ ನೆನಪುಮಾಡಿಕೊಡಬೇಡಿರಿ. ಇಂದು ಎಷ್ಟು ವಿಕೆಟ್ಟು ಬಿದ್ದುವೆಂದು ಕೇಳುವ ಮುನ್ನ ಇಂದು ಎಷ್ಟು ಚೆಂಡು ಎಸೆದೆ, ಬೆನ್ನು ಹೇಗಿದೆ ಎಂದು ಕೇಳಿರಿ. ಶಾಲೆಯ ಪಾಠವನ್ನು ಬಿಡಿಸಬೇಡಿರಿ. ನೂರು ಮಂದಿ ಎಸೆದರೆ ಟೆಸ್ಟಿಗೆ ಹೋಗುವವನು ಒಬ್ಬನೂ ಇಲ್ಲದಿರಬಹುದು, ಆದರೆ ನೂರು ಮಂದಿಯೂ ನೆಟ್ಟಗೆ ನಿಂತು ದುಡಿದು ಬದುಕಬೇಕಾಗಿದೆ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ನಮ್ಮೆಲ್ಲರಿಗೂ ಬಾಯಿಪಾಠವಾಗಿದೆ, ಕೈಪಾಠವಾಗಬೇಕಾದುದು ಉಳಿದಿದೆ.

ಮುಂದಿನ ಲೀಗ್ ಋತುವು ಆರಂಭವಾಗುವ ಮುನ್ನ ಈ ಲೆಕ್ಕದ ಪುಸ್ತಕವೊಂದನ್ನಾದರೂ ಅಚ್ಚುಹಾಕಿಸಿ ಹುಡುಗರ ಕೈಗೆ ಕೊಡುವಂತೆ ಕ್ರಿಕೆಟ್ ಸಂಸ್ಥೆಯವರನ್ನೂ, ಶಾಲೆಗಳ ಅಧಿಕಾರಿಗಳನ್ನೂ, ಅಕಾಡೆಮಿಗಳ ಒಡೆಯರನ್ನೂ ನಾವು ಒತ್ತಾಯವಾಗಿ ಕೇಳಿಕೊಳ್ಳುತ್ತೇವೆ. ಅದರ ವೆಚ್ಚವು ಒಂದು ಹೊಸ ಚೆಂಡಿನ ಬೆಲೆಗಿಂತ ಹೆಚ್ಚಾಗಲಾರದು.